ಸಾಕ್ಷಿ

ಆಳಂದ ಠಾಣೆಯ ಪೇದೆ
ಗಾಡಿಯ ಟಾಕಿ ಮ್ಯಾಲ ಫಾರ್ಮ್ ಹರವಿ ಕೇಳ್ದ:
"ಲಾಡ್ಲೇಬಿ ಎಷ್ಟ್ ವರ್ಷದಿಂದ ಗೊತ್ತು ನಿನಗ?"
ಮಕ್ಕಾಕ್ಕ ಹೊಂಟಾಳ. ಪಾಸ್‌ಪೋರ್ಟಿಗಿ ನೆರಿಯವರ ಸಹಿ ಬೇಕಂತ.

ನಡುವ ಒಂದೇ ಗೋಡಿ.
ಆಕಿ ಕೆಮ್ಮಿದ್ರ ನಮ್ಮ ಗೂಟದಾಗಿನ ಅಂಗಿ ಅಲಗ್ತದ.
ನನ್ನ ಮೂರನೇ ಬಾಣಂತನಕ್ಕ ಬಿಸಿನೀರು ಕಾಸಿದಾಕಿ,
ಹ್ವಾದ ಬುಧವಾರ ನಳದ ಮುಂದ ನನ್ನ ಕೊಡ ಒದ್ದಾಕಿ.
ಅವತ್ತಿಂದ ಮಾತಿಲ್ಲ.

ಇದೆಲ್ಲ ಬರಿಲಾಕ ಫಾರ್ಮಿನಾಗ
ಎರಡು ಅಂಕಿಯಷ್ಟು ಜಾಗ.
"ಮೂವತ್ತೊಂದು" ಅಂದೆ.
"ನಡತಿ?"
ಬಾಗಿಲ ಸಂದ್ಯಾಗ ಆಕಿ ಸೆರಗು. ಉಸಿರಿಲ್ಲ.
ಕೊಡದ ನೆಗ್ಗು ಹಂಗೇ ಅದ.
"ಛಲೋ ಅದ್ರಿ ಸಾಹೇಬ್ರ" ಅಂದು ಒತ್ತಿ ಬರದೆ:
ಕಾಶಮ್ಮ ಗಂಡ ಶರಣಪ್ಪ ಹೂಗಾರ.

ಗಾಡಿ ಹೋಯ್ತು.
ಗೋಡಿ ಆಚಿಂದ ಕೆಮ್ಮು. ಅಂಗಿ ಅಲಗ್ತು.
ಇರಲಿ, ನಳದ ಜಗಳ
ಆಕಿ ಹೊಳ್ಳಿ ಬಂದ ಮ್ಯಾಲ.