ಒಂಬತ್ತು ಅಕ್ಷರ

ಹಡರ್ಸ್‌ಫೀಲ್ಡಿನ ಗಿರಣಿಯಲ್ಲಿ ನನ್ನ ಕೆಲಸ ಬಣ್ಣ ಬಿಡಿಸುವುದು.
ಅಲ್ಲ, ಬಿಡುತ್ತದೆಯೇ ಎಂದು ನೋಡುವುದು.
ಒದ್ದೆ ಬಿಳಿ ಅರಿವೆ ಸುತ್ತಿದ ಕಡ್ಡಿ
ಉಣ್ಣೆಯ ಮೇಲೆ ಹತ್ತು ಸಲ ಹೋಗಿ ಬರಬೇಕು.
ಅಂಟಿಕೊಂಡ ಬಣ್ಣ ನೋಡಿ ಐದರಲ್ಲಿ ಅಂಕ.

ವೀಸಾಕ್ಕೆ ಗಿರಣಿಯೇ ಜಾಮೀನು.
ಸಂಬಳ ನೂರಾ ಎಂಬತ್ತು ಪೌಂಡು ಕಡಿಮೆ ಬಿದ್ದಾಗ
ಮ್ಯಾನೇಜರ್ ಬ್ರೈಯನಿ ಪೆನ್ಸಿಲಿನ ಹಿಂಬದಿಯಿಂದ ಮೇಜು ಕುಟ್ಟುತ್ತ
"ಶನಿವಾರ ಬೀಗ ತೆಗೆಯೋದು ನಿನ್ನ ಪಾಲಿಗೆ, ಆಯ್ತಾ?" ಅಂದಳು.
ಹಾಗೆ ಕೂಡಿತು ಲೆಕ್ಕ.

ಅರ್ಜಿಯಲ್ಲಿ ಇದಕ್ಕೆ ಸ್ವಿಚ್ ಎಂದು ಹೆಸರು.
ಒತ್ತಿದೆ. ಆರು ವಾರ ದೀಪ ಹತ್ತಲಿಲ್ಲ.
ಬಸ್ಸಿನವನಿಗೆ ವಿದ್ಯಾರ್ಥಿನಿಯಲ್ಲ,
ಬ್ಯಾಂಕಿನವನಿಗೆ ಇನ್ನೂ ವಿದ್ಯಾರ್ಥಿನಿ.
ದೇಶದ ಗಡಿ ದಾಟಿದರೆ ಅರ್ಜಿಯೂ ಕೈಬಿಟ್ಟು ಹೋಗುತ್ತದಂತೆ;
ಲಿಸ್ಬನ್ನಿನಲ್ಲಿ ಫರ್ಹಾನಾಳ ನಿಕಾಹ್
ಉಪ್ಪಿನ ಡಬ್ಬಿಗೆ ಮೊಬೈಲು ಒರಗಿಸಿ ನೋಡಿದೆ.

ಬಂತು, ಮಂಗಳವಾರ, ಊಟದ ಬಿಡುವಿನಲ್ಲಿ.
ಕಾರ್ಡಿಲ್ಲ, ಮುದ್ರೆಯಿಲ್ಲ, ಹಿಡಿದು ತೋರಿಸಲು ಏನೂ ಇಲ್ಲ.
ಕೇಳಿದವರಿಗೆ ಕೊಡಲು ಒಂಬತ್ತು ಅಕ್ಷರದ ಗುರುತು,
ಡಬ್ಲ್ಯೂನಿಂದ ಶುರು,
ತೊಂಬತ್ತು ದಿನಕ್ಕೆ ಅದೂ ಹಳಸುತ್ತದೆ.
ನಲವತ್ತೊಂಬತ್ತನ್ನೂ ತಿದ್ದಿಸಿದ ಸಾವಂತ್ರವ್ವ ಟೀಚರು
ಉಳಿದ ನಲವತ್ತು ಎಲ್ಲವ್ವಾ ಎಂದು
ಕಿವಿ ಹಿಂಡುತ್ತಿದ್ದರು.

ಮಧ್ಯಾಹ್ನ ಹಸಿರು ಥಾನು ಬಂತು.
ಹತ್ತು ಸಲ ಉಜ್ಜಿದೆ. ಬಿಳಿ ಅರಿವೆ ಕಿಟಕಿಗೆ ಹಿಡಿದೆ.
ನಾಲ್ಕೂವರೆ, ಎಂದು ಬರೆದೆ.
ಚೂರು ಬಿಡುತ್ತದೆ. ಅಡ್ಡಿಯಿಲ್ಲ,
ಕೋಟು ಹೊಲಿಯಬಹುದು.