ಕನ್ನಡಿಯೊಳಗಿನವಕ್ಕ ನೀರು ಬ್ಯಾಡ

ವರ್ಗ ಆಗಿ ಹೊಂಟ ದಿನ ಬ್ಯಾಂಕಿನ ಡಯಾಸ್ ಸಾಹೇಬ್ರು
ಗಿರಾಕಿ ಕುಂದ್ರೂ ಖುರ್ಚಿ ಮ್ಯಾಲೆ ಒಂದು ಕುಂಡ ಇಟ್ರು.
‘ಜರಿಗಿಡ. ಬಿಸಲು ತಾಗಬಾರದು, ಕತ್ತಲಿನೂ ಆಗಬಾರದು.
ಮಣ್ಣು ಆರಬಾರದು, ನೀರು ನಿಂದ್ರಬಾರದು.’
ನಾ ನಕ್ಕೆ. ಇಂಥಾ ಮಾತು ನನಗ ಹೊಸಾದಲ್ಲ:
‘ಸಣ್ಣ ಮಾಡು ನೀಲಪ್ಪ, ಬಾಳ ಸಣ್ಣ ಬ್ಯಾಡ’ ಅಂತ
ದಿನಕ್ಕ ಹತ್ತು ಮಂದಿ ಬಂದು ಕುಂದರತಾರ.

ಮಳಿ ಸೀಮಿ ಗಿಡ ಅದು. ಇದು ಗದಗ, ಟಾಂಗಾಕೂಟ.
ಕಪ್ಪತಗುಡ್ಡದ ಕಡಿಂದ ಬರೂ ಗಾಳಿ
ಹಚ್ಚಿದ ನೊರಿ ಗಲ್ಲದ ಮ್ಯಾಲೇ ಒಣಗಸತೈತಿ.
ನಳ ಹನ್ನೊಂದು ದಿನಕ್ಕೊಮ್ಮೆ.
ಬೋರಿನ ನೀರು ಹಾಕಿದ್ದಕ್ಕ
ಎಲಿ ತುದಿ ಬೀಡಿ ತಾಗಿದಂಗ ಸುಟ್ಟವು.
ಆಮ್ಯಾಲೆ ಫಿಲ್ಟರ್ ಮಿಷನ್ನಿಗೆ ಐದು ರೂಪಾಯಿ ನಾಣ್ಯ ಹಾಕಿ
ಕ್ಯಾನ್ ಹೊತ್ತು ತಂದೆ.
ಮನ್ಯಾಗ ಕಾಶವ್ವ ಒಂದ ಮಾತು ಅಂದ್ಲು:
‘ನಮ್ಮ ಹಲ್ಲು ಹಳದಿ ಆದ್ರ ನಡೀತೈತಿ, ಅಲ್ಲಾ?’

ಗಿರಾಕಿ ತಲಿಗೆ ಹೊಡಿಯೂ ಪಿಚಕಾರಿ ಬಾಟಲಿ ಐತಲ್ಲ,
ಅದರಿಂದನ. ಮುಂಜಾನೆ ಇಪ್ಪತ್ತು ಸಲ ಫುಸ್,
ಸಂಜಿಕ ಇಪ್ಪತ್ತು.
ಎದುರಾಬದುರಾ ಕನ್ನಡಿ. ಒಳಗೊಂದು ಗಿಡ, ಅದರ ಹಿಂದೊಂದು,
ಅದರ ಹಿಂದ ಹಸರು ತೆಳ್ಳಗಾಗಿ
ಕಣ್ಣು ಸೋಲೂತನಕ ಅಡವಿ.
ನೀರು ಮಾತ್ರ ಒಂದಕ್ಕ.

ಮಂಗಳವಾರ ರಜಾ. ಆದ್ರೂ ಅರ್ಧ ಶೆಟರ್ ಎತ್ತಿ
ಬಗ್ಗಿ ಒಳಗ ಹೋಗತೇನಿ.
ಹೊರಗ ಯಾರರ ಒದರತಾರ: ‘ಐತೇನೋ ಅಂಗಡಿ?’
‘ಇಲ್ರಿ, ಒಳಗೊಬ್ಬವ ಕುಂತಾನ, ಅವಂದಷ್ಟ.’

ಒಣಗಿದ ಗರಿ ಕತ್ತರಸಾಕ ಮೊದಲ ಕೈ ಬರಲಿಲ್ಲ,
ಮೂವತ್ತಾರು ವರ್ಷ ಕತ್ತರಿ ಹಿಡದ ಕೈ.
ಕೂದಲಾ ತಿರುಗಿ ಬರತಾವ ಅನ್ನೂ ಭರೋಸದ ಮ್ಯಾಲೆ
ನಡದೈತಿ ನಮ್ಮ ಕಸಬು. ಇದರದು ಯಾರಿಗೆ ಗೊತ್ತು.
ಬುಡಕ್ಕ ಹಚ್ಚಿ ಒಂದು ಕತ್ತರಿಸಿದೆ.
ಎಂಟನೇ ದಿನ ಅಲ್ಲೇ ಒಂದು ಸುರುಳಿ,
ಜವಳಕ್ಕ ಬಂದ ಕೂಸಿನ ನೆತ್ತಿ ಮ್ಯಾಲಿನ ಗುಂಗುರು.
ಮುಟ್ಟಬಾರದಿತ್ತು.
ಮುಟ್ಟಿದೆ.

ಶ್ರಾವಣದಾಗ ಗಡ್ಡಾ ತೆಗಸವರು ಕಡಿಮಿ.
ಖಾಲಿ ಕುಂತು ಎಲಿ ಹೊರಳಿಸಿ ನೋಡ್ತೇನಿ:
ಹಿಂದ ಸಾಲುಸಾಲು ಕಂದು ಚುಕ್ಕಿ.
ಸೀರು! ನನ್ನ ಕಣ್ಣಿಗೆ ಇನ್ನೇನು ಕಂಡೀತು.
ಹತ್ತಿಗೆ ಡೆಟಾಲ್ ಹಚ್ಚಿ ಒಂದೊಂದ ಗರಿ ಒರಸಾಕ್ಹತ್ತಿದ್ದೆ.
ಮೀಸಿಗೆ ಬಣ್ಣ ಹಚ್ಚಿ, ಆರಲಿ, ಬಾಯಿ ತಗೀಬ್ಯಾಡ್ರಿ ಅಂತ
ಕುಂಡ್ರಿಸಿದ್ದ ಬಸೆಟ್ಟಿ ಮಾಸ್ತರು
ಬಾಯಿ ತಗದ್ರು:
‘ಏ! ಅದರ ವಂಶಾನ ಒರಸಾಕ್ಹತ್ತಿಯಲ್ಲೋ!
ಹೂ ಇಲ್ಲ, ಕಾಯಿ ಇಲ್ಲ ಅದಕ್ಕ. ಇರೂದ ಆ ಧೂಳ.’
ಬಣ್ಣ ತುಟಿಗಿಳಿದು ಗದ್ದ ಕರ್ರಗಾತು.
ಒಂದ ಗರಿ ಉಳದಿತ್ತು.

ಅದನ್ನ ಹಂಗ ಬಿಟ್ಟೆ. ಮ್ಯಾಲೆ ಫ್ಯಾನ್ ತಿರುಗತಿತ್ತು.
ದೀಪಾವಳಿ ಆತು, ಸಂಕ್ರಾಂತಿ ಆತು.
ಕೂದಲಾ ಗುಡಿಸಾಗ ಬೇಸಿನ್ ಕೆಳಗ,
ಪೈಪ್ ಸೋರೂ ಕಡೆ, ಇಟ್ಟಂಗಿ ಸಂದ್ಯಾಗ
ಉಗುರಿನಷ್ಟು ಹಸರು.
ಪಾಚಿ ಅಂತ ಕೆರಿಯಾಕ ಬಗ್ಗಿದವ ಹಂಗ ಕುಂತೆ:
ಅದರಾಗಿಂದ ಎದ್ದಿತ್ತು ಒಂದು ಎಳಿ, ತುದಿ ಮಡಚಿ.

ಕೊಡದ ಲೆಕ್ಕದಾಗ ಜಗಳ ಆಗೂ ಓಣಿ ಇದು.
ಪ್ಲಂಬರ್ ದಾವಲಸಾಬ ಪಾನಾ ಹಿಡಕೊಂಡು
ಬಾಗಲದಾಗ ನಿಂತಾನ.
‘ನಾಡದು ಬಾರಪಾ’ ಅಂದೆ.
ಇದು ಮೂರನೇ ನಾಡದು.