ಮುಚ್ಚಳ ಹಾಕಿ ತೆಗೆದದ್ದು

ಮದುವೆ ಮನೆಯಲ್ಲಿ ನಾನು ಹೇಳುವುದು ಎರಡೇ ಮಾತು:
ಇಲ್ಲಿ ನೋಡ್ರಿ. ಅಲುಗಾಡಬ್ಯಾಡ್ರಿ.
ಚಿಕ್ಕಿಗಳು ಎರಡನ್ನೂ ಕೇಳಲಿಲ್ಲ.
ಮೂವತ್ತು ಸೆಕೆಂಡಿಗೆ ಒಂದೊಂದೂ
ಸೋನಾಮಸೂರಿ ಕಾಳಿನಷ್ಟು ಉದ್ದ ಎಳೆದುಕೊಂಡಿತ್ತು.

‘ಅವು ನಿಲ್ಲಂಗಿಲ್ಲ, ನೀನs ತಿರುಗಬೇಕು’ ಎಂದ
ಮಿಲ್ಲುಗಳ ಮೋಟರು ವೈಂಡಿಂಗ್ ಮಾಡುವ ಮಸ್ತಾನವಲಿ.
ಎರಡು ಹಲಗೆ, ಒಂದು ಬಿಜಾಗರಿ, ಹಳೇ ಪ್ರಿಂಟರಿನ ಮೋಟರು;
ಧ್ರುವದ ಕಡೆಗೆ ಓರೆ,
ಸಿಂಧನೂರಿಗೆ ಹದಿನಾರು ಡಿಗ್ರಿ, ಚೂರು ಕಡಿಮೆ.

ಆದರೂ ಮಿಲ್ಲಿನ ದೀಪ, ಲೆನ್ಸಿನ ಮೇಲೆ ಹೊಟ್ಟಿನ ಬೂದಿ,
ಗದ್ದೆಯಿಂದ ಏಳುವ ಇಬ್ಬನಿ.
ಕಾಲುಚೀಲದಲ್ಲಿ ಬಿಸಿ ಉಸುಕು ತುಂಬಿ
ಲೆನ್ಸಿನ ಕೊರಳಿಗೆ ಸುತ್ತಿದೆ,
ನೆಗಡಿಯಾದ ಕೂಸಿಗೆ ಸುತ್ತಿದಂತೆ.

ಮಾಘದ ಒಂದು ರಾತ್ರಿ ಟಿ.ಸಿ. ಸುಟ್ಟಿತು.
ಓಣಿಯೆಲ್ಲ ಲೈನ್‌ಮನ್ನನ್ನು ಬೈಯುತ್ತಿರಲು
ನಾವಿಬ್ಬರೂ ಟ್ರೈಪಾಡ್ ಹೊತ್ತು
ಕಾಲುವೆ ಏರಿಗೆ ಓಡಿದೆವು.
ಕೂರಿಗೆ ಚಿಕ್ಕಿಯ ಕೆಳಗೆ,
ಅಲ್ಲೇ ಬೀಜ ಬೀಳೋದು ಎಂದು ಅವ್ವ ತೋರಿಸುತ್ತಿದ್ದ ಜಾಗದಲ್ಲಿ
ಒಂದು ಮಸುಕು.
ತೊಂಬತ್ತೊಂದು ಸಲ ಅದನ್ನೇ ತೆಗೆದೆ.

‘ಈಗ ಮುಚ್ಚಳ ಹಾಕು. ಇನ್ನೂ ಇಪ್ಪತ್ತು ತೆಗಿ.’
ಕತ್ತಲಿದೇನೋ, ಮಾರಾಯ?
‘ನಿನ್ನ ಕ್ಯಾಮೆರಾ ಇಲ್ಲದ್ದನ್ನೂ ಕಾಣ್ತದ.
ಅದನ್ನ ಕಳೀಬೇಕು.’

ಹನ್ನೆರಡೂವರೆಗೆ ಕರೆಂಟು ಬಂತು,
ಊರು ಹೋ ಎಂದಿತು.

ಒಂದರ ಮೇಲೊಂದು ಪೇರಿಸಿ, ಕಳೆದು,
ಬಂದ ಮಸುಕಿಗೆ ಈಗ ತುಸು ಕೆಂಪು, ಒಂದು ಅಂಚು.
ಸ್ಟುಡಿಯೋದ ಗೋಡೆಗೆ ಹಾಕಿದ್ದೇನೆ.
‘ಯಾರ ಮದುವಿ ಹೊಗಿ ಇದು?’ ಎನ್ನುತ್ತಾರೆ ಬಂದವರು.

ಆ ಇಪ್ಪತ್ತು ಕರಿ ಚಿತ್ರ ಮಾತ್ರ ಅಳಿಸಿಲ್ಲ.
ಹಿಗ್ಗಿಸಿದರೆ ಎಡಕ್ಕೆ, ತುಸು ಮೇಲೆ,
ಎಲ್ಲದರಲ್ಲೂ ಅದೇ ಜಾಗಕ್ಕೆ
ಒಂದು ಕೆಂಪು ಚುಕ್ಕೆ.
ಏಳು ವರ್ಷದಿಂದ ಅಲ್ಲೇ ಇದ್ದಿರಬೇಕು,
ಎಷ್ಟು ಮದುಮಕ್ಕಳ ಹಣೆಯ ಮೇಲೆ
ಯಾರಿಗೂ ಹೇಳದೆ ಕೂತಿತ್ತೋ.